ಬಾಗಿಲು ಮುಚ್ಚಿ ಉಸಿರು ಕೊಡುವ ಚಿಕಿತ್ಸೆ

ಬಚ್ಚಲಿನಲ್ಲಿ ಚೊಂಬು ಎತ್ತಿ ತಲೆಗೆ ನೀರು ಹೊಯ್ದುಕೊಳ್ಳಲು ಎಷ್ಟು ಉಸಿರು ಬೇಕು ಎಂದು ಆರೋಗ್ಯವಾಗಿರುವವರು ಲೆಕ್ಕ ಹಾಕಿರುವುದಿಲ್ಲ. ಶ್ವಾಸಕೋಶ ಸವೆದವರಿಗೆ ಆ ಲೆಕ್ಕ ಚೆನ್ನಾಗಿ ಗೊತ್ತು. ಎರಡು ಚೊಂಬು ಹೊಯ್ದುಕೊಂಡ ಮೇಲೆ ಮೂರನೆಯದಕ್ಕೆ ಕೈ ಎತ್ತುವ ಮೊದಲು ಗೋಡೆಗೆ ಒರಗಬೇಕು. ಮೈ ಒರೆಸಿಕೊಳ್ಳುವಾಗ ಇನ್ನೊಮ್ಮೆ ನಿಲ್ಲಬೇಕು. ಅಂಗಿ ತೊಡುವ ಹೊತ್ತಿಗೆ ಮಂಚದ ಅಂಚಿನಲ್ಲಿ ಕೂತು, ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ದೀಪ ಆರಿಸುವವರಂತೆ ತುಟಿ ಮುಂದೆ ಮಾಡಿ ಉಸಿರು ಬಿಡುತ್ತಿರುತ್ತಾರೆ. ಮನೆಯವರು ಅದನ್ನು ದಮ್ಮು ಎನ್ನುತ್ತಾರೆ, ಉಬ್ಬಸ ಎನ್ನುತ್ತಾರೆ. ಡಾಕ್ಟರ ಚೀಟಿಯಲ್ಲಿ ‘ಸಿಒಪಿಡಿ’ ಎಂಬ ನಾಲ್ಕು ಅಕ್ಷರ ಇರುತ್ತದೆ.

ಇಂಥ ಮನೆಗಳಿಂದ ಈ ಅಂಕಣಕ್ಕೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. “ಎದೆ ಕೊಯ್ಯದೆ, ಬಾಯಿಂದಲೇ ಪೈಪು ಇಳಿಸಿ ಶ್ವಾಸಕೋಶಕ್ಕೆ ವಾಲ್ವ್ ಕೂರಿಸುತ್ತಾರಂತೆ. ನಿಜವೇ? ನಮ್ಮ ತಂದೆಯವರಿಗೆ ಮಾಡಿಸಬಹುದೇ?” ಮೊದಲ ಪ್ರಶ್ನೆಗೆ ಉತ್ತರ ಹೌದು. ಎರಡನೆಯದಕ್ಕೆ ಬಹಳಷ್ಟು ಮನೆಗಳ ಮಟ್ಟಿಗೆ ಉತ್ತರ ಇಲ್ಲ. ಚಿಕಿತ್ಸೆ ನಿಜವಾಗಿದ್ದೂ ಎಲ್ಲರಿಗೂ ಏಕೆ ಒದಗುವುದಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಈ ಸಲದ ಉದ್ದೇಶ.

ರೋಗದಿಂದ ಶುರು ಮಾಡೋಣ. ಓದುಗರು ಕೂತಲ್ಲೇ ಒಂದು ಪ್ರಯೋಗ ಮಾಡಬಹುದು. ಎದೆ ತುಂಬ ಉಸಿರು ಎಳೆದುಕೊಳ್ಳಿ. ಈಗ ಅದರಲ್ಲಿ ಸ್ವಲ್ಪ ಮಾತ್ರ ಹೊರಬಿಡಿ. ಅದರ ಮೇಲೆಯೇ ಮತ್ತೆ ಎಳೆದುಕೊಳ್ಳಿ, ಮತ್ತೆ ಸ್ವಲ್ಪವೇ ಬಿಡಿ. ಹೀಗೆ ನಾಲ್ಕೈದು ಸಲ ಮಾಡುವಷ್ಟರಲ್ಲಿ ಭುಜ ಕಿವಿಯ ಕಡೆಗೆ ಏರಿರುತ್ತದೆ, ಎದೆ ಬಿಗಿದಿರುತ್ತದೆ, ಒಳಗೆ ಗಾಳಿ ತುಂಬಿ ತುಳುಕುತ್ತಿದ್ದರೂ ಗಾಳಿ ಸಾಲದು ಎನಿಸುತ್ತದೆ. ಸಿಒಪಿಡಿಯ ಒಂದು ಮುಖ್ಯ ರೂಪವಾದ ಎಂಫಿಸೀಮ ಇರುವವರು ದಿನದ ಇಪ್ಪತ್ನಾಲ್ಕು ಗಂಟೆಯೂ ಬದುಕುವುದು ಹೀಗೆ. ಗಾಳಿ ಒಳಗೆ ಬರುತ್ತಿಲ್ಲ ಎಂದು ಅವರಿಗೆ ಅನಿಸುತ್ತದೆ. ನಿಜವಾಗಿ ನಡೆಯುತ್ತಿರುವುದು ಬೇರೆ: ಹಳೆಯ ಗಾಳಿ ಹೊರಗೆ ಹೋಗುತ್ತಿಲ್ಲ.

ಆರೋಗ್ಯವಂತ ಶ್ವಾಸಕೋಶದಲ್ಲಿ ಕೋಟ್ಯಂತರ ಸಣ್ಣ ಗಾಳಿಗೂಡುಗಳಿರುತ್ತವೆ. ಅವುಗಳ ಒಳಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ, ಅಂದರೆ ಮೂವತ್ತು-ನಲವತ್ತರ ಸೈಟಿನ ಅರ್ಧಕ್ಕಿಂತ ಹೆಚ್ಚು. ಗೂಡುಗಳ ಗೋಡೆಗೆ ರಬ್ಬರಿನಂಥ ಎಳೆತ ಇರುತ್ತದೆ. ಉಸಿರು ಬಿಡುವಾಗ ಗಾಳಿಯನ್ನು ಹೊರದೂಡುವುದು ಆ ಎಳೆತವೇ. ಬೀಡಿ, ಸಿಗರೇಟಿನ ಹೊಗೆ ವರ್ಷಗಟ್ಟಲೆ ತಾಗಿದರೆ ಗೋಡೆಗಳು ಕರಗಿ, ಸಣ್ಣ ಗೂಡುಗಳು ಒಂದಾಗಿ ದೊಡ್ಡ ಜೋತು ಚೀಲಗಳಾಗುತ್ತವೆ. ಎಳೆತ ಹೋಗುತ್ತದೆ. ಪೂರ್ತಿ ಉಸಿರು ಬಿಟ್ಟ ಮೇಲೂ ಆರೋಗ್ಯವಂತರ ಎದೆಯಲ್ಲಿ ಒಂದು ಲೀಟರಿಗಿಂತ ತುಸು ಹೆಚ್ಚು ಗಾಳಿ ಉಳಿಯುತ್ತದೆ. ತೀವ್ರ ಎಂಫಿಸೀಮದಲ್ಲಿ ಈ ಉಳಿಕೆ ಗಾಳಿ ನಾಲ್ಕು ಲೀಟರ್ ದಾಟಬಹುದು. ಅಷ್ಟು ಗಾಳಿಯ ಒತ್ತಡಕ್ಕೆ ಎದೆಯ ತಳದ ವಪೆ, ಕಮಾನಿನಂತೆ ಇರಬೇಕಾದ ಆ ಸ್ನಾಯು, ತಟ್ಟೆಯಂತೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ವಪೆಗೆ ಉಸಿರು ಎಳೆಯುವ ಬಲ ಇರುವುದಿಲ್ಲ.

ಸ್ಟೆತಾಸ್ಕೋಪು ಕೊಟ್ಟ ಫ್ರಾನ್ಸಿನ ವೈದ್ಯ ರೆನೆ ಲೆನೆಕ್ ಇದನ್ನು ಎರಡು ಶತಮಾನಗಳ ಹಿಂದೆಯೇ ಕಣ್ಣಾರೆ ಕಂಡಿದ್ದರು. ಶವಪರೀಕ್ಷೆಯಲ್ಲಿ ಎದೆ ತೆರೆದಾಗ ಸಾಮಾನ್ಯವಾಗಿ ಶ್ವಾಸಕೋಶ ಕುಗ್ಗಿ ಕೂರಬೇಕು. ಈ ರೋಗಿಗಳಲ್ಲಿ ಅದು ಕುಗ್ಗದೆ ಉಬ್ಬಿಕೊಂಡೇ ಇರುತ್ತಿತ್ತು. 1819ರ ತಮ್ಮ ಗ್ರಂಥದಲ್ಲಿ ಅವರು ಅದನ್ನು ವಿವರಿಸಿದರು.

ಇನ್ಹೇಲರ್ ಔಷಧಿಗಳು ಶ್ವಾಸನಾಳಗಳನ್ನು ಹಿಗ್ಗಿಸುತ್ತವೆ, ಊತ ಇಳಿಸುತ್ತವೆ. ಕರಗಿದ ಗೋಡೆಯನ್ನು ಮತ್ತೆ ಕಟ್ಟಲು ಅವುಗಳಿಂದಾಗದು. ಹಾಗಾದರೆ ಹಾಳಾದ ಭಾಗವನ್ನೇ ಕತ್ತರಿಸಿ ತೆಗೆದು, ಚೆನ್ನಾಗಿರುವ ಭಾಗಕ್ಕೆ ಜಾಗ ಮಾಡಿಕೊಟ್ಟರೆ? ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ಆಟೊ ಬ್ರ್ಯಾಂಟಿಗನ್ 1950ರ ದಶಕದಲ್ಲಿ ಅದನ್ನೇ ಮಾಡಿದರು. ಮೊದಲೇ ಉಸಿರಿಲ್ಲದವರ ಶ್ವಾಸಕೋಶವನ್ನು ಇನ್ನಷ್ಟು ಕಡಿಮೆ ಮಾಡುವುದೇ ಎಂದು ಅಂದಿನವರಿಗೆ ಗಾಬರಿಯಾಗಿರಬೇಕು. ಬದುಕುಳಿದ ಹಲವರಿಗೆ ಉಸಿರಾಟ ಹಗುರವಾಯಿತು. ಆದರೆ ಸುಮಾರು ಆರರಲ್ಲಿ ಒಬ್ಬರು ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳಲೇ ಇಲ್ಲ. ಆ ವಿಧಾನ ಮೂಲೆ ಸೇರಿತು.

ಅದನ್ನು ಮತ್ತೆ ಹೊರತೆಗೆದವರು ಸೇಂಟ್ ಲೂಯಿಸಿನ ಜೋಯೆಲ್ ಕೂಪರ್. 1995ರಲ್ಲಿ ಅವರು ಪ್ರಕಟಿಸಿದ ಮೊದಲ 20 ರೋಗಿಗಳ ಫಲಿತಾಂಶ ಎಷ್ಟು ಚೆನ್ನಾಗಿತ್ತೆಂದರೆ ಅಮೆರಿಕದ ಊರೂರಿನಲ್ಲೂ ಈ ಶಸ್ತ್ರಚಿಕಿತ್ಸೆ ಶುರುವಾಯಿತು. ಎಲ್ಲ ಕಡೆಯೂ ಕೂಪರರ ಕೈ ಇರಲಿಲ್ಲ, ಅವರ ರೋಗಿಗಳ ಆಯ್ಕೆಯೂ ಇರಲಿಲ್ಲ. ಸಾವುಗಳು ಹೆಚ್ಚಿದಾಗ ಅಲ್ಲಿನ ಸರ್ಕಾರಿ ವಿಮೆ ಹಣ ಕೊಡುವುದನ್ನು ನಿಲ್ಲಿಸಿತು, ದೊಡ್ಡದೊಂದು ಪರೀಕ್ಷೆಗೆ ಏರ್ಪಾಡಾಯಿತು. 1,218 ರೋಗಿಗಳ ಆ ಅಧ್ಯಯನದ ಫಲಿತಾಂಶ 2003ರಲ್ಲಿ ಬಂತು. ಒಟ್ಟಾರೆ ನೋಡಿದರೆ ಶಸ್ತ್ರಚಿಕಿತ್ಸೆ ಆಯುಷ್ಯವನ್ನು ಹೆಚ್ಚಿಸಿರಲಿಲ್ಲ. ಆದರೆ ರೋಗ ಮುಖ್ಯವಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿದ್ದು, ನಡೆದಾಡುವ ಶಕ್ತಿ ತೀರ ಕಡಿಮೆ ಇದ್ದವರ ಗುಂಪಿನಲ್ಲಿ ಹೆಚ್ಚು ಜನ ಬದುಕುಳಿದರು. ಇನ್ನೊಂದು ಗುಂಪಿನಲ್ಲಿ, ಶ್ವಾಸಕೋಶ ಪೂರ್ತಿ ಸೋತು ರೋಗ ಎಲ್ಲ ಕಡೆ ಒಂದೇ ಸಮ ಹರಡಿದ್ದವರಂಥವರಲ್ಲಿ, 30 ದಿನಗಳೊಳಗೆ ನೂರಕ್ಕೆ 16 ಮಂದಿ ತೀರಿಕೊಂಡಿದ್ದರು. ಒಂದೇ ರೋಗದ ಹೆಸರು, ಒಂದೇ ಶಸ್ತ್ರಚಿಕಿತ್ಸೆ. ಒಬ್ಬರಿಗೆ ವರ, ಇನ್ನೊಬ್ಬರಿಗೆ ಕುತ್ತು. ಯಾರಿಗೆ ಮಾಡಬೇಕು ಎಂಬುದು ಏನು ಮಾಡಬೇಕು ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಎಂದು ಎದೆರೋಗ ತಜ್ಞರು ಕಲಿತದ್ದು ಇಲ್ಲಿ.

ಅದೇ ಹೊತ್ತಿಗೆ ಇನ್ನೊಂದು ದಾರಿ ತೆರೆದುಕೊಳ್ಳುತ್ತಿತ್ತು. ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಯುವ ಕೊಳವೆ ಹೊಸತೇನಲ್ಲ. ಜರ್ಮನಿಯ ಫ್ರೈಬರ್ಗಿನಲ್ಲಿ ಗುಸ್ತಾಫ್ ಕಿಲಿಯನ್ 1897ರಲ್ಲಿ ಒಬ್ಬ ರೈತನ ಶ್ವಾಸನಾಳದಲ್ಲಿ ಸಿಕ್ಕಿಕೊಂಡಿದ್ದ ಮೂಳೆಯ ಚೂರನ್ನು ಗಟ್ಟಿ ಕೊಳವೆ ಇಳಿಸಿ ಹೊರತೆಗೆದಿದ್ದರು. ಜಪಾನಿನ ಶಿಗೆಟೊ ಇಕೆಡ 1960ರ ದಶಕದಲ್ಲಿ ಗಾಜಿನ ಎಳೆಗಳಿಂದ ಬಾಗುವ, ಬಳುಕುವ ಬ್ರಾಂಕೋಸ್ಕೋಪ್ ರೂಪಿಸಿದ ಮೇಲೆ ಶ್ವಾಸಕೋಶದ ಒಳ ಓಣಿಗಳೆಲ್ಲ ವೈದ್ಯರ ಕಣ್ಣಿಗೆ ಬಿದ್ದವು. ನೋಡಲು ಹೋದ ದಾರಿಯಲ್ಲೇ ಚಿಕಿತ್ಸೆಯನ್ನೂ ಮಾಡಬಹುದೇ ಎಂಬ ಯೋಚನೆ ಸಹಜವಾಗಿಯೇ ಬಂತು.

ಯೋಚನೆ ಸರಳ. ಹಾಳಾದ ಹಾಲೆಯನ್ನು ಕತ್ತರಿಸುವ ಬದಲು ಅದಕ್ಕೆ ಗಾಳಿ ಹೋಗುವ ಬಾಗಿಲನ್ನೇ ಮುಚ್ಚಿಬಿಡುವುದು. ಆದರೆ ಪೂರ್ತಿ ಮುಚ್ಚಿದರೆ ಒಳಗೆ ಸಿಕ್ಕಿಕೊಂಡ ಗಾಳಿಯೂ ಕಫವೂ ಹೊರಬರುವುದು ಹೇಗೆ? ಹಾಗಾಗಿ ಒಮ್ಮುಖ ಕವಾಟ. ತೋಟದ ಬಾವಿಗೆ ಪಂಪ್‌ಸೆಟ್ ಇಟ್ಟವರಿಗೆ ಫುಟ್‌ವಾಲ್ವ್ ಗೊತ್ತು: ನೀರನ್ನು ಮೇಲಕ್ಕೆ ಬಿಡುತ್ತದೆ, ಹಿಂದಕ್ಕೆ ಇಳಿಯಗೊಡುವುದಿಲ್ಲ. ಶ್ವಾಸಕೋಶಕ್ಕೆ ಕೂರಿಸುವ ಕವಾಟವೂ ಅದೇ ಜಾತಿಯದು. ಉಸಿರು ಬಿಟ್ಟಾಗ ಅದರ ತುಟಿ ತೆರೆದು ಗಾಳಿ, ಕಫ ಹೊರಗೆ ಬರುತ್ತವೆ. ಉಸಿರು ಎಳೆದಾಗ ತುಟಿ ಮುಚ್ಚಿಕೊಳ್ಳುತ್ತದೆ. ಗಂಟೆ, ದಿನಗಳು ಕಳೆದಂತೆ ಆ ಹಾಲೆ ಗಾಳಿ ಕಳೆದುಕೊಂಡು ಮುದುಡುತ್ತದೆ. ಅದರ ಪಕ್ಕದಲ್ಲಿ ಇಷ್ಟು ದಿನ ಅದುಮಿ ಕೂತಿದ್ದ ಒಳ್ಳೆಯ ಹಾಲೆ ಅರಳಿಕೊಳ್ಳುತ್ತದೆ. ವಪೆ ಮತ್ತೆ ಕಮಾನಿನ ಆಕಾರಕ್ಕೆ ಏರುತ್ತದೆ.

ಕವಾಟ ಕಡಲೆಕಾಳಿನ ಆಸುಪಾಸಿನ ಗಾತ್ರದ್ದು. ನಿಕಲ್ ಮತ್ತು ಟೈಟಾನಿಯಂ ಬೆರೆತ ನಿಟಿನಾಲ್ ಎಂಬ ಲೋಹದ ಜಾಲರಿ, ಒಳಗೆ ಸಿಲಿಕೋನ್ ಪೊರೆ. ಮಡಚಿ ತೆಳು ನಳಿಕೆಯೊಳಗೆ ತೂರಿಸಿದರೂ ಬಿಟ್ಟ ಕೂಡಲೇ ತನ್ನ ಆಕಾರಕ್ಕೆ ಅರಳಿ ಶ್ವಾಸನಾಳದ ಗೋಡೆಗೆ ಕಚ್ಚಿಕೊಳ್ಳುತ್ತದೆ. ರೋಗಿಗೆ ಅರಿವಳಿಕೆ ಅಥವಾ ಗಾಢ ಮಂಪರು ಕೊಟ್ಟು, ಬ್ರಾಂಕೋಸ್ಕೋಪ್ ಇಳಿಸಿ, ಒಂದು ಹಾಲೆಗೆ ಹೋಗುವ ಕವಲುಗಳಿಗೆಲ್ಲ ಒಂದೊಂದರಂತೆ ಸಾಮಾನ್ಯವಾಗಿ ಮೂರರಿಂದ ಐದು ಕವಾಟ ಕೂರಿಸುತ್ತಾರೆ. ಎದೆಯ ಮೇಲೆ ಒಂದು ಗೀರೂ ಇರುವುದಿಲ್ಲ. ಹೊಂದದಿದ್ದರೆ ಮತ್ತೆ ಅದೇ ದಾರಿಯಲ್ಲಿ ಹೋಗಿ ಕವಾಟಗಳನ್ನು ತೆಗೆಯಬಹುದು. ಕತ್ತರಿಸಿದ ಹಾಲೆಯ ಬಗ್ಗೆ ಈ ಮಾತು ಹೇಳಲಾಗದು.

ಲಂಡನ್ನಿನ ರಾಯಲ್ ಬ್ರಾಂಪ್ಟನ್ ಮತ್ತು ಮೆಲ್ಬರ್ನಿನ ಆಲ್ಫ್ರೆಡ್ ಆಸ್ಪತ್ರೆಗಳಿಂದ 2003ರಲ್ಲಿ ಬೆರಳೆಣಿಕೆಯ ರೋಗಿಗಳ ಮೊದಲ ವರದಿಗಳು ಬಂದಾಗ ಆಸೆ ಚಿಗುರಿತು. ಏಳು ವರ್ಷಗಳ ನಂತರ ಬಂದ ದೊಡ್ಡ ಅಧ್ಯಯನ ಆ ಆಸೆಗೆ ತಣ್ಣೀರು ಹಾಕಿತು. 321 ರೋಗಿಗಳ ಆ ಅಧ್ಯಯನದಲ್ಲಿ ಕವಾಟ ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ ಆರು ತಿಂಗಳ ನಂತರ ಇದ್ದ ವ್ಯತ್ಯಾಸ ಕಿರಿದು. ಆರು ನಿಮಿಷದ ನಡಿಗೆಯಲ್ಲಿ ಅಂತರ ಇಪ್ಪತ್ತು ಮೀಟರೂ ಇರಲಿಲ್ಲ. ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಸಂಶೋಧಕರು ಕೈಬಿಡದೆ, ಯಾರಿಗೆ ಚೆನ್ನಾಗಿ ಒದಗಿತು, ಯಾರಿಗೆ ಒದಗಲಿಲ್ಲ ಎಂದು ಸ್ಕ್ಯಾನುಗಳನ್ನು ಮತ್ತೆ ಹರಡಿಕೊಂಡು ಕೂತರು. ಉತ್ತರ ಇದ್ದದ್ದು ಕವಾಟದಲ್ಲಿ ಅಲ್ಲ, ಹಾಲೆಗಳ ನಡುವಿನ ಸೀಳಿನಲ್ಲಿ.

ಬಲಗಡೆಯ ಶ್ವಾಸಕೋಶದಲ್ಲಿ ಮೂರು ಹಾಲೆ, ಎಡಗಡೆಯದರಲ್ಲಿ ಎರಡು. ಹಾಲೆಗಳನ್ನು ಬೇರ್ಪಡಿಸುವ ಸೀಳು ಕೆಲವರಲ್ಲಿ ಪೂರ್ತಿಯಾಗಿರುತ್ತದೆ, ಬಹಳ ಜನರಲ್ಲಿ ಅಲ್ಲಲ್ಲಿ ಬೆಸೆದುಕೊಂಡಿರುತ್ತದೆ. ಬೆಸೆದ ಕಡೆ ಒಂದು ಹಾಲೆಯ ಗಾಳಿ ಪಕ್ಕದ ಹಾಲೆಗೆ ಒಳಗಿಂದೊಳಗೇ ಹಾಯುತ್ತದೆ. ಗದ್ದೆ ಕೆಲಸ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ನೀರು ಬರುವ ತೂಬನ್ನು ಭದ್ರವಾಗಿ ಮುಚ್ಚಿದರೂ ಬದುವಿನಲ್ಲಿ ಏಡಿ ಬಿಲ ಇದ್ದರೆ ಪಕ್ಕದ ಗದ್ದೆಯ ನೀರು ಬಂದು ತುಂಬುತ್ತಲೇ ಇರುತ್ತದೆ. ಕವಾಟ ಹಾಕಿದ ಹಾಲೆ ಮುದುಡಬೇಕಾದರೆ ಬದು ಗಟ್ಟಿಯಾಗಿರಬೇಕು. ಆ ಅಧ್ಯಯನದಲ್ಲಿ ಸೀಳು ಪೂರ್ತಿಯಾಗಿದ್ದವರನ್ನಷ್ಟೇ ಬೇರೆ ಮಾಡಿ ನೋಡಿದಾಗ, ಮೊದಲ ಸೆಕೆಂಡಿನಲ್ಲಿ ಊದಿ ಹೊರಹಾಕಬಲ್ಲ ಗಾಳಿಯ ಪ್ರಮಾಣದಲ್ಲಿ ಅವರಿಗೂ ಕವಾಟವಿಲ್ಲದವರಿಗೂ ಆರು ತಿಂಗಳಲ್ಲಿ ಶೇ 16ರಷ್ಟು ಅಂತರ ಕಾಣಿಸಿತು.

ಬಿಲ ಇದೆಯೇ ಎಂದು ಮೊದಲೇ ತಿಳಿಯಲು ಈಗ ಎರಡು ದಾರಿಗಳಿವೆ. ಒಂದು, ತೆಳು ಪದರಗಳ ಸಿ.ಟಿ. ಸ್ಕ್ಯಾನನ್ನು ಕಂಪ್ಯೂಟರಿಗೆ ಕೊಟ್ಟು ಸೀಳು ಎಷ್ಟು ಪೂರ್ತಿಯಾಗಿದೆ ಎಂದು ಅಳೆಸುವುದು. ಇನ್ನೊಂದು, ಕವಾಟ ಹಾಕುವ ಮೊದಲು ಆ ಹಾಲೆಯ ಬಾಯಿಗೆ ಒಂದು ಪುಟ್ಟ ಬಲೂನು ಊದಿ ಮುಚ್ಚಿ, ಬಲೂನಿನ ನಡುವಿನ ರಂಧ್ರದಿಂದ ಹೊರಬರುವ ಗಾಳಿಯನ್ನು ಅಳೆಯುವುದು. ಗಾಳಿ ಕ್ರಮೇಣ ಕಡಿಮೆಯಾಗಿ ನಿಂತರೆ ಬದು ಗಟ್ಟಿ. ನಿಲ್ಲದೆ ಬರುತ್ತಲೇ ಇದ್ದರೆ ಎಲ್ಲೋ ಬಿಲ ಇದೆ, ಕವಾಟ ಹಾಕಿ ಪ್ರಯೋಜನವಿಲ್ಲ.

ಈ ಜರಡಿ ಹಿಡಿದ ಮೇಲೆ ಬಂದ ಫಲಿತಾಂಶಗಳೇ ಬೇರೆ. ನೆದರ್ಲೆಂಡ್ಸಿನ ಗ್ರೋನಿಂಗನ್ ಆಸ್ಪತ್ರೆಯ ತಂಡ 68 ರೋಗಿಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ನಿಮಿಷದಲ್ಲಿ ನಡೆಯುವ ದೂರದಲ್ಲಿ ಎರಡು ಗುಂಪುಗಳ ನಡುವೆ 74 ಮೀಟರ್ ಅಂತರವಿತ್ತು. 2018ರಲ್ಲಿ ಬಂದ 190 ರೋಗಿಗಳ ಇನ್ನೊಂದು ಅಧ್ಯಯನ ಒಂದು ವರ್ಷದ ನಂತರದ ಸ್ಥಿತಿ ನೋಡಿತು. ಊದುವ ಶಕ್ತಿಯಲ್ಲಿ ಶೇ 15ರಷ್ಟಾದರೂ ಸುಧಾರಣೆ ಕಂಡವರು ಕವಾಟದ ಗುಂಪಿನಲ್ಲಿ ನೂರಕ್ಕೆ 48ರಷ್ಟು, ಔಷಧಿಯಷ್ಟೇ ಪಡೆದವರಲ್ಲಿ 17ರಷ್ಟು. ನಡಿಗೆಯ ಅಂತರ 39 ಮೀಟರ್. ಅದೇ ವರ್ಷ ಜೂನಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಕವಾಟಕ್ಕೆ ಒಪ್ಪಿಗೆ ಕೊಟ್ಟಿತು, ಡಿಸೆಂಬರಿನಲ್ಲಿ ಇನ್ನೊಂದು ಕಂಪನಿಯ ಕೊಡೆಯಾಕಾರದ ಕವಾಟಕ್ಕೂ ಕೊಟ್ಟಿತು. ಯುರೋಪಿನಲ್ಲಿ ಬಳಕೆ ಅದಕ್ಕೂ ಮೊದಲೇ ಇತ್ತು. ಭಾರತದ ದೊಡ್ಡ ನಗರಗಳ ಆಸ್ಪತ್ರೆಗಳಲ್ಲೂ ಈಗ ಇದನ್ನು ಮಾಡುತ್ತಾರೆ.

ಮೂವತ್ತೊಂಬತ್ತು ಮೀಟರ್ ಎಂದರೆ ಏನು ಮಹಾ ಎನಿಸಬಹುದು. ಮನೆಯ ಅಂಗಳ ದಾಟಿ ಬೀದಿಯ ನಲ್ಲಿಯವರೆಗೆ ನಿಲ್ಲದೆ ಹೋಗಿಬರಲು ಆಗದವರಿಗೆ ಅದು ದೊಡ್ಡ ದೂರ. ಆರು ನಿಮಿಷದ ನಡಿಗೆ ಸುಮಾರು 30 ಮೀಟರ್ ಹೆಚ್ಚಿದರೆ ಸಾಕು, ರೋಗಿಗೆ ತನ್ನ ದಿನಚರಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ ಎಂದು ತಜ್ಞರು ಅಳೆದಿದ್ದಾರೆ. ಹಾಗೆಂದು ಇದು ರೋಗ ವಾಸಿಯಾದಂತೆ ಅಲ್ಲ. ಇನ್ಹೇಲರ್ ಬಿಡುವಂತಿಲ್ಲ, ಕರಗಿದ ಗೂಡುಗಳು ಮರಳುವುದಿಲ್ಲ.

‘ಕೊಯ್ಯದ ಚಿಕಿತ್ಸೆ’ ಎಂಬ ಮಾತು ಮನೆಯವರ ಕಿವಿಯಲ್ಲಿ ‘ಅಪಾಯವಿಲ್ಲದ ಚಿಕಿತ್ಸೆ’ ಎಂದು ಕೇಳಿಸುತ್ತದೆ. ಈ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಲೇಬೇಕು. 2018ರ ಅದೇ ಅಧ್ಯಯನದಲ್ಲಿ ಕವಾಟ ಹಾಕಿಸಿಕೊಂಡ 128 ಜನರ ಪೈಕಿ 34 ಮಂದಿಗೆ, ಅಂದರೆ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ, ಮೊದಲ ಒಂದೂವರೆ ತಿಂಗಳಲ್ಲಿ ನ್ಯೂಮೋಥೊರಾಕ್ಸ್ ಆಯಿತು. ಒಂದು ಹಾಲೆ ಮುದುಡಿದಾಗ ಪಕ್ಕದ್ದು ಥಟ್ಟನೆ ಹಿಗ್ಗುತ್ತದೆ. ಮೊದಲೇ ಸವೆದ ಅದರ ಮೈ ಎಲ್ಲಾದರೂ ಹರಿದರೆ ಗಾಳಿ ಶ್ವಾಸಕೋಶದಿಂದ ಸೋರಿ ಎದೆಗೂಡಿನೊಳಗೆ ತುಂಬುತ್ತದೆ. ಆಗ ಎದೆಗೆ ನಳಿಕೆ ಹಾಕಿ ಗಾಳಿ ಹೊರತೆಗೆಯಬೇಕು. ಅದೇ 45 ದಿನಗಳ ಅವಧಿಯಲ್ಲಿ ಕವಾಟದ ಗುಂಪಿನ ನಾಲ್ವರು ತೀರಿಕೊಂಡರು. ಹೆಚ್ಚಿನ ಸೋರಿಕೆಗಳು ಮೊದಲ ಮೂರು ದಿನಗಳಲ್ಲೇ ಆಗುವುದರಿಂದ ಅಷ್ಟು ದಿನ ರೋಗಿಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವುದು ವಾಡಿಕೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಕೆಲಸ ಇದಲ್ಲ. ಮನೆಗೆ ಬಂದ ಮೇಲೂ ಎದೆ ಚುಚ್ಚಿದಂತಾಗಿ ಇದ್ದಕ್ಕಿದ್ದಂತೆ ಏದುಸಿರು ಬಂದರೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಹಾಗಾದರೆ ಶಸ್ತ್ರಚಿಕಿತ್ಸೆಯೇ ಮೇಲೇ? ಬ್ರಿಟನ್ನಿನಲ್ಲಿ 88 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಕವಾಟ ಎಂದು ಹೋಲಿಸಿ ನೋಡಿದರು. 2023ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ ಒಂದು ವರ್ಷದ ನಂತರ ಎರಡರ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಸರಿಯಾಗಿ ಆರಿಸಿದ ರೋಗಿಗೆ ಎರಡೂ ಒಳ್ಳೆಯ ದಾರಿಗಳೇ.

ಬ್ರಾಂಕೋಸ್ಕೋಪಿನ ದಾರಿಯಲ್ಲಿ ಇನ್ನೂ ಕೆಲವು ಪ್ರಯತ್ನಗಳು ನಡೆದಿವೆ. ಸೀಳು ಪೂರ್ತಿಯಿಲ್ಲದವರಿಗೆಂದು ಶ್ವಾಸನಾಳದೊಳಗೆ ಲೋಹದ ಸುರುಳಿ ಬಿಟ್ಟು ಹಾಲೆಯನ್ನು ಮುದುಡಿಸುವ ವಿಧಾನವನ್ನು 315 ರೋಗಿಗಳಲ್ಲಿ ಪರೀಕ್ಷಿಸಿದರು. 2016ರಲ್ಲಿ ಬಂದ ಫಲಿತಾಂಶದಲ್ಲಿ ನಡಿಗೆಯ ಲಾಭ 15 ಮೀಟರಿನಷ್ಟೇ, ನ್ಯುಮೋನಿಯಾ ಕಾಟ ಹೆಚ್ಚು. ಸುರುಳಿಗಳು ಬಳಕೆಯಿಂದ ಸರಿದವು. ಬಿಸಿ ಆವಿ ಬಿಟ್ಟು ಹಾಳಾದ ಭಾಗವನ್ನು ಗಾಯಗೊಳಿಸಿ ಕುಗ್ಗಿಸುವ ವಿಧಾನಕ್ಕೆ ಸೀಳಿನ ಹಂಗಿಲ್ಲ, ಆದರೆ ಒಮ್ಮೆ ಮಾಡಿದರೆ ಹಿಂದಕ್ಕೆ ಬರುವಂತಿಲ್ಲ. ಬ್ರಾಂಕಿಯಲ್ ಥರ್ಮೋಪ್ಲಾಸ್ಟಿ ಎಂಬ ಹೆಸರನ್ನೂ ಹಲವರು ಕೇಳಿರುತ್ತಾರೆ. ಅದು ತೀವ್ರ ಅಸ್ತಮಾಕ್ಕೆಂದು 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವಿಧಾನ. ಎಂಫಿಸೀಮಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ನಮ್ಮ ಕಡೆಯ ಮಾತು. ಭಾರತದಲ್ಲಿ 2016ರಲ್ಲಿ ಸುಮಾರು 5.5 ಕೋಟಿ ಸಿಒಪಿಡಿ ರೋಗಿಗಳಿದ್ದರು ಎಂದು ರೋಗಗಳ ಹೊರೆಯ ಅಂದಾಜು ಹೇಳುತ್ತದೆ. ಅವರಲ್ಲಿ ಎಷ್ಟೋ ಜನ ಬೀಡಿ, ಸಿಗರೇಟನ್ನು ಮುಟ್ಟಿದವರೇ ಅಲ್ಲ. ಈ ಅಂಕಣ ಬರೆಯುವವರ ಅಜ್ಜಿಯೂ ಅವರಲ್ಲಿ ಒಬ್ಬರು. ಮಣ್ಣಿನ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಹಸಿ ಸೌದೆ ಹೊತ್ತಿಕೊಳ್ಳದಿದ್ದಾಗ ಊದುಗೊಳವೆ ಹಿಡಿದು ಊದುತ್ತಿದ್ದರು. ಪ್ರತಿ ಊದಿನ ನಡುವೆ ಎಳೆದುಕೊಳ್ಳುವ ಉಸಿರಿನಲ್ಲಿ ಹೊಗೆಯೇ ಇರುತ್ತಿತ್ತು. ಐವತ್ತು ದಾಟುವಾಗ ಶುರುವಾದ ಕೆಮ್ಮು ಅರವತ್ತರ ಹೊತ್ತಿಗೆ ಗೂರಲಾಯಿತು. ವಯಸ್ಸಾಯಿತಲ್ಲ, ಅದಕ್ಕೆ ಎಂದು ಮನೆಯವರೆಲ್ಲ ಅಂದುಕೊಂಡರು. ಊದೋ ಟೆಸ್ಟ್ ಎಂದು ಜನ ಕರೆಯುವ ಸ್ಪೈರೋಮೆಟ್ರಿ ಅವರ ಆಯುಷ್ಯದಲ್ಲಿ ಒಮ್ಮೆಯೂ ಆಗಲಿಲ್ಲ.

ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಹೊಗೆಗೆ ಒಂದು ಲೆಕ್ಕ ಕೊಟ್ಟಿತು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ, ಎಷ್ಟು ವರ್ಷ ಎಂಬೆರಡನ್ನು ಗುಣಿಸಿ. ಬರುವ ಸಂಖ್ಯೆ 60 ಮುಟ್ಟಿದಲ್ಲಿಂದ ದೀರ್ಘಕಾಲದ ಬ್ರಾಂಕೈಟಿಸ್ ಬರುವ ಸಂಭವ ಎದ್ದು ಕಾಣುತ್ತದೆ. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವರ್ಷ ಸಾಕು. ಹದಿನೆಂಟಕ್ಕೆ ಮದುವೆಯಾಗಿ ಬಂದ ಸೊಸೆ ಮೂವತ್ಮೂರಕ್ಕೆ ಆ ಗಡಿ ತಲುಪಿರುತ್ತಾಳೆ.

ಕವಾಟದ ಕಥೆಗೆ ಇದು ಏಕೆ ಮುಖ್ಯವೆಂದರೆ, ಒಲೆಯ ಹೊಗೆ ಮಾಡುವ ಹಾನಿ ಬೀಡಿಯ ಹಾನಿಗಿಂತ ಸಾಮಾನ್ಯವಾಗಿ ಬೇರೆ ರೀತಿಯದು. ಸೌದೆ ಹೊಗೆ ಕುಡಿದವರಲ್ಲಿ ಶ್ವಾಸನಾಳಗಳ ಗೋಡೆ ದಪ್ಪವಾಗಿ, ಕಫ ಕಟ್ಟಿ, ದಾರಿ ಕಿರಿದಾಗುವುದು ಹೆಚ್ಚು. ಗೂಡುಗಳು ಕರಗಿ ಚೀಲವಾಗುವ ಎಂಫಿಸೀಮ ಕಡಿಮೆ. ಬೇರೆ ದೇಶಗಳಲ್ಲಿ ಸೌದೆ ಒಲೆಯ ಹೆಂಗಸರನ್ನೂ ಸಿಗರೇಟು ಸೇದಿದವರನ್ನೂ ಸ್ಕ್ಯಾನಿನಲ್ಲಿ ಹೋಲಿಸಿ ನೋಡಿದಾಗ ಇದು ಕಂಡುಬಂದಿದೆ. ಕವಾಟ ಕೆಲಸ ಮಾಡುವುದು ಉಬ್ಬಿದ ಹಾಲೆಯನ್ನು ಮುದುಡಿಸುವ ಮೂಲಕ. ಉಬ್ಬಿದ ಹಾಲೆಯೇ ಇಲ್ಲದವರಿಗೆ ಅದರಿಂದ ಏನೂ ಸಿಗದು. ಹಿಂದೆ ಕ್ಷಯ ಬಂದು ಶ್ವಾಸಕೋಶದಲ್ಲಿ ಕಲೆ ಉಳಿದು, ಅದರಿಂದ ಉಬ್ಬಸಪಡುವವರೂ ನಮ್ಮಲ್ಲಿ ಬಹಳ. ಅವರ ತೊಂದರೆಗೂ ಇದು ಮದ್ದಲ್ಲ. ಹಾಗಾಗಿ ಊರಿನ ದಮ್ಮಿನ ರೋಗಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ, ಕವಾಟಕ್ಕೆ ತಕ್ಕವರು ಅದರಲ್ಲಿ ಕೆಲವೇ ಜನ.

ಆ ಕೆಲವರೂ ಮೊದಲು ಒಂದಷ್ಟು ಮೆಟ್ಟಿಲು ಹತ್ತಿ ಬರಬೇಕು. 2018ರ ಅಧ್ಯಯನಕ್ಕೆ ಸೇರಿಸಿಕೊಂಡದ್ದು ಕನಿಷ್ಠ ನಾಲ್ಕು ತಿಂಗಳಿಂದ ಹೊಗೆಸೊಪ್ಪು ಬಿಟ್ಟವರನ್ನು ಮಾತ್ರ. ಎಲ್ಲರೂ ಶ್ವಾಸಕೋಶದ ಪುನಶ್ಚೇತನ ವ್ಯಾಯಾಮ ಮುಗಿಸಿದ್ದರು. ವಾರಕ್ಕೆ ಕೆಲವು ದಿನದಂತೆ ಎಂಟು-ಹತ್ತು ವಾರ ನಡಿಗೆ, ಕೈಕಾಲಿನ ಸ್ನಾಯು ಬಲಪಡಿಸುವುದು, ತುಟಿ ಮುಂದೆ ಮಾಡಿ ಉಸಿರು ಬಿಡುವ ಅಭ್ಯಾಸ, ಇನ್ಹೇಲರ್ ಎಳೆಯುವ ಸರಿಯಾದ ಕ್ರಮ, ಇವೇ ಆ ಪುನಶ್ಚೇತನ. ಇದಕ್ಕೆ ಆಮದಾಗುವ ಲೋಹ ಬೇಡ, ಫಿಸಿಯೋಥೆರಪಿಸ್ಟ್ ಒಬ್ಬರು ಬೇಕು. ಇದರಿಂದಲೇ ಉಸಿರು ಎಷ್ಟೋ ಹಗುರವಾಗಿ, ಕವಾಟದ ಮಾತು ಸದ್ಯಕ್ಕೆ ಬೇಡ ಎನ್ನುವ ರೋಗಿಗಳಿರುತ್ತಾರೆ. ತಂಬಾಕು ಬಿಡಲು ಒಬ್ಬರೇ ಹೆಣಗಬೇಕಿಲ್ಲ. 1800-11-2356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಯ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನು ಹಾಕಿಸಿಕೊಂಡವರಿಗೆ ಮಳೆಗಾಲ, ಚಳಿಗಾಲಗಳಲ್ಲಿ ಆಸ್ಪತ್ರೆ ಸೇರುವ ಭಯ ಕಡಿಮೆ. ಕವಾಟಗಳು ವಿದೇಶದಿಂದ ಬರುತ್ತವೆ, ಬೆಲೆ ದೊಡ್ಡದು, ಒಬ್ಬರಿಗೆ ಮೂರರಿಂದ ಐದು ಬೇಕು. ಜಮೀನು ಮಾರಿಯಾದರೂ ಮಾಡಿಸುತ್ತೇವೆ ಎನ್ನುವ ಮಕ್ಕಳು ಮೊದಲು ಈ ಮೆಟ್ಟಿಲುಗಳನ್ನು ತಂದೆಯ ಕೈಹಿಡಿದು ಹತ್ತಿಸಲಿ ಎಂಬುದು ಈ ಅಂಕಣದ ಕಳಕಳಿ.

ಅದಾದ ಮೇಲೂ ಉಸಿರು ಸಾಲದಿದ್ದರೆ, ಎದೆರೋಗ ತಜ್ಞರ ಮುಂದೆ ಕೂತಾಗ ಕೇಳಬೇಕಾದ ಪ್ರಶ್ನೆಗಳು ಸ್ಪಷ್ಟವಾಗಿವೆ. ಇವರಿಗೆ ಇರುವುದು ಎಂಫಿಸೀಮವೇ, ಬ್ರಾಂಕೈಟಿಸ್ಸೇ? ಉಳಿಕೆ ಗಾಳಿ ಎಷ್ಟಿದೆ, ಅಳೆದಿದ್ದೀರಾ? ಯಾವ ಹಾಲೆ ಹೆಚ್ಚು ಹಾಳಾಗಿದೆ, ಅದರ ಸೀಳು ಪೂರ್ತಿಯಾಗಿದೆಯೇ? ಗಾಳಿ ಸೋರಿದರೆ ರಾತ್ರಿ ಎರಡು ಗಂಟೆಗೂ ಎದೆಗೆ ನಳಿಕೆ ಹಾಕುವವರು ಇಲ್ಲಿ ಇರುತ್ತಾರೆಯೇ? ಒಳ್ಳೆಯ ತಜ್ಞರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ, ಸ್ಕ್ಯಾನನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸುತ್ತಾರೆ.

ಎಲ್ಲಕ್ಕೂ ಮೊದಲು ಆಗಬೇಕಾದ ಪರೀಕ್ಷೆಗೆ ಯಾವ ದೊಡ್ಡ ಯಂತ್ರವೂ ಬೇಡ. ಮೂವತ್ತು ಮೀಟರ್ ಉದ್ದದ ಮಟ್ಟಸ ಜಾಗ, ಎರಡು ಕೊನೆಗೆ ಎರಡು ಕುರ್ಚಿ, ಒಂದು ಗಡಿಯಾರ, ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮಾಪಕ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದದ್ದು ಅದೇ ಮಾಪಕ. ತಾಲ್ಲೂಕು ಆಸ್ಪತ್ರೆಯ ಜಗುಲಿಯಲ್ಲಿ ಇಷ್ಟನ್ನು ಹೊಂದಿಸಬಹುದು. ನರ್ಸ್ “ಶುರು ಮಾಡಿ ಅಪ್ಪಾಜಿ, ಸುಸ್ತಾದರೆ ನಿಲ್ಲಿ, ಆಮೇಲೆ ಮತ್ತೆ ನಡೀರಿ” ಎನ್ನುತ್ತಾರೆ. ಹಿರಿಯರು ಹೊರಡುತ್ತಾರೆ. ಮೊದಲ ಸುತ್ತು ಸಲೀಸು. ಎರಡನೆಯದರಲ್ಲಿ ಹೆಜ್ಜೆ ಸಣ್ಣದಾಗುತ್ತದೆ. ಮೂರನೆಯ ಸುತ್ತಿನಲ್ಲಿ ಕುರ್ಚಿಯ ಬೆನ್ನು ಹಿಡಿದು ನಿಂತು, ತುಟಿ ಮುಂದೆ ಮಾಡಿ ನಾಲ್ಕು ಸಲ ಉಸಿರು ಬಿಟ್ಟು, ಮಗಳ ಮುಖ ನೋಡಿ ಮತ್ತೆ ನಡೆಯುತ್ತಾರೆ. ಆರು ನಿಮಿಷ ಮುಗಿದಾಗ ನಿಂತ ಜಾಗಕ್ಕೆ ನರ್ಸ್ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಳೆದು, ಚೀಟಿಯ ಮೂಲೆಯಲ್ಲಿ ಬರೆದುಕೊಳ್ಳುತ್ತಾರೆ: 212 ಮೀಟರ್. ಮುಂದಿನ ತಿಂಗಳು ಬಂದಾಗ ಮತ್ತೆ ಅಲ್ಲಿಂದಲೇ ಎಣಿಸುತ್ತಾರೆ.